ಹೊಸ ಬಾಕ್ಸ್‌ಗೆ ಸಹಿ ಹಾಕುವ ಮೊದಲು

ಪ್ರಶ್ನೆ: ನಮ್ಮ ಮನೆಯಲ್ಲಿ ಡಿಶ್ ಹಾಕಿಸಿ 15 ತಿಂಗಳಾಯಿತು. ಹಾಲ್‌ನಲ್ಲೊಂದು, ಮಲಗುವ ಕೋಣೆಯಲ್ಲೊಂದು ಬಾಕ್ಸ್ ಇದೆ. ಒಪ್ಪಂದ 24 ತಿಂಗಳದ್ದು. ಜಾಹೀರಾತಿನ ತಿಂಗಳ ದರವನ್ನು 100 ಎಂದಿಟ್ಟುಕೊಂಡರೆ ಮೊದಲ ವರ್ಷವೇ 120 ಬರುತ್ತಿತ್ತು, ಈಗ 180 ಬರುತ್ತಿದೆ. ಎರಡು ತಿಂಗಳಿಂದ ಸಣ್ಣ ತುಂತುರು ಬಂದರೂ ಎರಡೂ ಟಿವಿಗಳಲ್ಲಿ ಚಿತ್ರ ಒಡೆಯುತ್ತದೆ, ಎಚ್‌ಡಿ ಚಾನೆಲ್‌ಗಳು ಮೊದಲು ಹೋಗುತ್ತವೆ. ಬಂದ ತಂತ್ರಜ್ಞರು ಮೇಲೆ ಹತ್ತಲೇ ಇಲ್ಲ. ಬಾಕ್ಸ್ ಹಳೆಯದಾಗಿದೆ, ಹೊಸದನ್ನು ಉಚಿತವಾಗಿ ಕೊಡುತ್ತೇವೆ ಎಂದು ಒಂದು ಫಾರಂ ಕೊಟ್ಟು ಹೋಗಿದ್ದಾರೆ. ಅದರಲ್ಲಿ ಮತ್ತೆ 24 ತಿಂಗಳು ಎಂದಿದೆ. ಈಗಲೇ ಬಿಟ್ಟರೆ ಉಳಿದ ಪ್ರತಿ ತಿಂಗಳಿಗೂ 20ರಂತೆ ದಂಡ ಕಟ್ಟಬೇಕಂತೆ. ಏನು ಮಾಡಲಿ?

ಉತ್ತರ: ಸದ್ಯಕ್ಕೆ ಸಹಿ ಹಾಕಬೇಡಿ. ನಿಮ್ಮ ಪತ್ರದ ಒಂದು ಮಾತಿನಲ್ಲೇ ಅರ್ಧ ಉತ್ತರವಿದೆ: ಚಿತ್ರ ಒಡೆಯುವುದು ಎರಡೂ ಟಿವಿಗಳಲ್ಲಿ. ಬಾಕ್ಸ್ ಬೇರೆ, ಒಳಗೆ ಬರುವ ಕೇಬಲ್ ಬೇರೆ, ಅಡಾಪ್ಟರ್ ಬೇರೆ. ಇವೆಲ್ಲ ಒಟ್ಟಿಗೆ, ಒಂದೇ ರೀತಿಯಲ್ಲಿ ಕೆಡುವುದು ತೀರ ಅಪರೂಪ. ಎರಡಕ್ಕೂ ಸಮಾನವಾಗಿರುವುದು ಮೇಲಿನ ಡಿಶ್ ಮತ್ತು ಅದರ ಮುಂದೆ ಚಾಚಿದ ಕೋಲಿನ ತುದಿಯಲ್ಲಿರುವ ಎಲ್‌ಎನ್‌ಬಿ, ಅಂದರೆ ಡಿಶ್ ಹಿಡಿದ ಅಲೆಗಳನ್ನು ಕೇಬಲ್‌ಗೆ ತಕ್ಕ ಸಿಗ್ನಲ್ ಆಗಿ ಬದಲಿಸುವ ಪುಟ್ಟ ಡಬ್ಬಿ. ಹುಡುಕಾಟ ಅಲ್ಲಿಂದ ಶುರುವಾಗಬೇಕು. ದೋಷ ಅಲ್ಲಿದ್ದರೆ ಹೊಸ ಬಾಕ್ಸ್ ಬಂದ ಮೇಲೂ ತುಂತುರಿಗೆ ಚಿತ್ರ ಒಡೆಯುತ್ತದೆ, ನಿಮ್ಮ ತಲೆಯ ಮೇಲೆ ಇನ್ನೂ ಎರಡು ವರ್ಷದ ಕರಾರು ಮಾತ್ರ ಹೆಚ್ಚಾಗಿರುತ್ತದೆ.

ಮಳೆಗೆ ಏಕೆ ಹೀಗಾಗುತ್ತದೆ ಎಂಬುದನ್ನು ತಿಳಿದುಕೊಂಡರೆ ಹುಡುಕುವುದು ಸುಲಭ. ಉಪಗ್ರಹ ಇರುವುದು ಸಮಭಾಜಕ ವೃತ್ತದ ನೇರಕ್ಕೆ 35,786 ಕಿ.ಮೀ. ಎತ್ತರದಲ್ಲಿ. ಮನೆ ಡಿಶ್‌ಗಳಿಗೆ ಹೆಚ್ಚಾಗಿ ಬರುವ ಕೆಯು ಬ್ಯಾಂಡ್ ಎಂಬ ರೇಡಿಯೊ ಅಲೆಗಳ ಉದ್ದ ಸುಮಾರು ಎರಡೂವರೆ ಸೆಂ.ಮೀ. ಮಳೆಹನಿಗಳು ಈ ಅಲೆಗಳನ್ನು ಹೀರುತ್ತವೆ, ಚದುರಿಸುತ್ತವೆ. ಸಾಲದ್ದಕ್ಕೆ ಮಳೆ ತನ್ನದೇ ರೇಡಿಯೊ ಗದ್ದಲವನ್ನೂ (ಬೇಡದ ಅಲೆಗಳನ್ನೂ) ಸಿಗ್ನಲ್‌ಗೆ ಸೇರಿಸುತ್ತದೆ. ಡಿಜಿಟಲ್ ಚಿತ್ರ ಹಳೆಯ ಟಿವಿಯಂತೆ ಮೆಲ್ಲಗೆ ಮಸುಕಾಗುವುದಿಲ್ಲ. ಒಂದು ಮಿತಿಯವರೆಗೆ ಪೂರ್ತಿ ಚೆನ್ನಾಗಿರುತ್ತದೆ, ಅದನ್ನು ದಾಟಿದ ಕೂಡಲೇ ಚೌಕಚೌಕವಾಗಿ ಒಡೆದು ನಿಂತುಹೋಗುತ್ತದೆ. ಎಚ್‌ಡಿ ಚಾನೆಲ್‌ಗಳನ್ನು ಸಾಮಾನ್ಯವಾಗಿ ಹೆಚ್ಚು ಮಾಹಿತಿ ತುಂಬಿ ಕಳಿಸುವುದರಿಂದ ಅವಕ್ಕೆ ಇನ್ನೂ ಶುದ್ಧವಾದ ಸಿಗ್ನಲ್ ಬೇಕು, ಹಾಗಾಗಿ ಅವು ಮೊದಲು ಹೋಗುತ್ತವೆ.

ಜಡಿಮಳೆಗೆ ಹತ್ತು ನಿಮಿಷ ಟಿವಿ ನಿಂತರೆ ಅದು ಈ ತಂತ್ರಜ್ಞಾನದ ಸ್ವಭಾವ, ಯಾರೂ ಪೂರ್ತಿ ತಪ್ಪಿಸಲಾರರು. ತುಂತುರಿಗೇ ನಿಂತರೆ ಮಾತು ಬೇರೆ. ಮಳೆಗೆಂದು ಇಟ್ಟುಕೊಂಡ ಉಳಿಕೆ ಬಲವನ್ನು ಬೇರೇನೋ ಮೊದಲೇ ತಿಂದುಹಾಕಿದೆ ಎಂದರ್ಥ. ಒಂದು ವರ್ಷ ಚೆನ್ನಾಗಿದ್ದು ಈಚೆಗೆ ಹೀಗಾಗಿದೆ ಎಂದರೆ ಮೂರು ಕಾರಣಗಳನ್ನು ಮೊದಲು ನೋಡಬೇಕು: ಡಿಶ್ ಅಲುಗಿದೆ, ಕೇಬಲ್ ತುದಿಯ ಲೋಹದ ಜೋಡಣೆಗೆ, ಅಂದರೆ ಕನೆಕ್ಟರ್‌ಗೆ ನೀರು ಇಳಿದಿದೆ, ಇಲ್ಲವೇ ಡಿಶ್‌ನ ಎದುರಿಗೆ ಮರದ ಕೊಂಬೆ ಬೆಳೆದಿದೆ.

ಬಿಸಿಲಿರುವ ದಿನ ರಿಮೋಟ್‌ನಲ್ಲಿ ಸೆಟಪ್ ಅಥವಾ ಸಿಸ್ಟಂ ಮೆನುವಿಗೆ ಹೋಗಿ ಸಿಗ್ನಲ್ ಪುಟ ತೆರೆಯಿರಿ. ಅಲ್ಲಿ ಎರಡು ಪಟ್ಟಿಗಳಿರುತ್ತವೆ, ಒಂದು ಸ್ಟ್ರೆಂತ್, ಇನ್ನೊಂದು ಕ್ವಾಲಿಟಿ. ಹೆಚ್ಚಿನವರು ಸ್ಟ್ರೆಂತ್ ನೋಡಿ ಸಮಾಧಾನಪಡುತ್ತಾರೆ, ಆದರೆ ಚಿತ್ರವನ್ನು ನಿರ್ಧರಿಸುವುದು ಕ್ವಾಲಿಟಿ. ಸ್ಟ್ರೆಂತ್ ಚೆನ್ನಾಗಿದ್ದು ಕ್ವಾಲಿಟಿ ಕಡಿಮೆಯಿದ್ದರೆ ಡಿಶ್‌ನ ದಿಕ್ಕು ತಪ್ಪಿದೆ ಅಥವಾ ಎಲ್‌ಎನ್‌ಬಿ ತನ್ನ ಹಿಡಿಕೆಯಲ್ಲಿ ತಿರುಗಿದೆ ಎಂದು ಮೊದಲು ಅನುಮಾನಿಸಿ. ಎರಡೂ ಕಡಿಮೆಯಿದ್ದರೆ ಕೇಬಲ್, ಕನೆಕ್ಟರ್. ಸ್ಟ್ರೆಂತ್ ಸೊನ್ನೆಯಾಗಿದ್ದರೆ ಎಲ್‌ಎನ್‌ಬಿಗೆ ವಿದ್ಯುತ್ತೇ ತಲುಪದೆ ಇರಬಹುದು. ಬಾಕ್ಸ್‌ನಿಂದ ಬಾಕ್ಸ್‌ಗೆ ಈ ಅಂಕಿಗಳ ಅಳತೆಗೋಲು ಬೇರೆಯಾದ್ದರಿಂದ ಬೇರೆಯವರ ಮನೆಯ 80ಕ್ಕೆ ನಿಮ್ಮ 65ನ್ನು ಹೋಲಿಸಬೇಡಿ. ನಿಮ್ಮದೇ ಬಾಕ್ಸ್‌ನ ಬಿಸಿಲಿನ ಅಂಕಿ, ಮೋಡದ ಅಂಕಿ, ತುಂತುರಿನ ಅಂಕಿಯನ್ನು ದಿನಾಂಕ, ಸಮಯದ ಜೊತೆ ಬರೆದಿಡಿ, ಫೋನಿನಲ್ಲಿ ಪರದೆಯ ಫೋಟೋ ತೆಗೆದಿಡಿ. ಮುಂದೆ ಕಂಪನಿಯೊಡನೆ ಮಾತಾಡುವಾಗ ಇದೇ ನಿಮ್ಮ ಆಧಾರ.

ಕೇಬಲ್ ಮುಟ್ಟುವ ಮೊದಲು ಬಾಕ್ಸ್‌ನ ಪ್ಲಗ್ ತೆಗೆಯಿರಿ. ಎಲ್‌ಎನ್‌ಬಿ ನಡೆಯುವುದು ಬಾಕ್ಸ್ ಇದೇ ಕೇಬಲ್ ಮೂಲಕ ಕಳಿಸುವ 13 ಅಥವಾ 18 ವೋಲ್ಟ್‌ನಿಂದ. ಪ್ಲಗ್ ತೆಗೆಯದೆ ಬಿಚ್ಚಿದಾಗ ನಡುವಿನ ತಂತಿ ಹೊರಗಿನ ಜಾಲರಿಗೆ ತಾಗಿದರೆ ಆರೋಗ್ಯವಾಗಿದ್ದ ಬಾಕ್ಸ್ ಕೂಡ ಕೆಡಬಹುದು. ಬಿಚ್ಚಿದ ಮೇಲೆ ಎಫ್ ಕನೆಕ್ಟರ್‌ನ ಒಳಗೆ ನೋಡಿ. ತಾಮ್ರದ ತಂತಿ ಕೆಂಪಾಗಿ ಹೊಳೆಯುತ್ತಿರಬೇಕು. ಹಸಿರು ಅಥವಾ ಕಪ್ಪು ಬಣ್ಣ ಕಂಡರೆ ನೀರು ಇಳಿದಿದೆ. ಹಾಗಾದರೆ ತುದಿಯನ್ನಷ್ಟೇ ಒರೆಸಿ ಮತ್ತೆ ಸಿಕ್ಕಿಸಿ ಪ್ರಯೋಜನವಿಲ್ಲ. ಹೊಳೆಯುವ ತಾಮ್ರ, ಒಣಗಿದ ಜಾಲರಿ ಕಾಣುವವರೆಗೂ ಕೇಬಲನ್ನು ಹಿಂದಕ್ಕೆ ಕತ್ತರಿಸಿ ಹೊಸ ಕನೆಕ್ಟರ್ ಹಾಕಬೇಕು. ಹೊಸದನ್ನು ಹಾಕುವಾಗ ಜಾಲರಿಯ ಒಂದೇ ಒಂದು ಎಳೆಯೂ ನಡುವಿನ ತಂತಿಗೆ ತಾಗಬಾರದು, ಬಿಳಿಯ ನಿರೋಧಕ ಕನೆಕ್ಟರ್‌ನ ಒಳತಳಕ್ಕೆ ಸಮನಾಗಿ ಕೂರಬೇಕು, ನಡುವಿನ ತಂತಿ ಕನೆಕ್ಟರ್‌ನ ಅಂಚಿನಿಂದ ಸುಮಾರು 2 ಮಿ.ಮೀ. ಹೊರಗೆ ಇಣುಕಬೇಕು. ಕೈಯಿಂದ ತಿರುಗಿಸಿ ಹಾಕುವ ಕನೆಕ್ಟರ್‌ಗಳು ಅಗ್ಗ, ಆದರೆ ಬಯಲಿನಲ್ಲಿ ಬಾಳುವುದಿಲ್ಲ. ಉಪಕರಣದಿಂದ ಒತ್ತಿ ಕೂರಿಸುವ ಕಂಪ್ರೆಷನ್ ಬಗೆಯದೇ ಹೊರಗಡೆಗೆ ಸರಿ. ಅದರ ಮೇಲೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪನ್ನು ಎಳೆದು ಸುತ್ತಬೇಕು. ಎಲ್‌ಎನ್‌ಬಿಯಿಂದ ಬರುವ ಕೇಬಲ್ ಗೋಡೆಯೊಳಗೆ ಹೋಗುವ ಮೊದಲು ಕೆಳಕ್ಕೆ ಜೋತು ಒಂದು ಬಳಸು ಹಾಕಿರಬೇಕು, ಆಗ ನೀರು ಅಲ್ಲಿಂದ ತೊಟ್ಟಿಕ್ಕಿ ಹೋಗುತ್ತದೆ, ಒಳಗೆ ಹರಿಯುವುದಿಲ್ಲ.

ಕೇಬಲ್‌ನ ಮೈಮೇಲೆ ಏನು ಅಚ್ಚಾಗಿದೆ ಎಂದೂ ಓದಿ. ಆರ್‌ಜಿ-6, 75 ಓಮ್ ಎಂದಿರಬೇಕು. ತೆಳ್ಳಗಿನ ಆರ್‌ಜಿ-59 ಹಾಕಿದ್ದರೆ ಅಥವಾ ನಡುವೆ ಎಲ್ಲೋ ತಂತಿ ತಿರುಚಿ ಜೋಡಿಸಿದ್ದರೆ ಅಲ್ಲೇ ಸಿಗ್ನಲ್ ಸೋರುತ್ತಿರುತ್ತದೆ. ಒಳ್ಳೆಯ ಆರ್‌ಜಿ-6 ಕೂಡ ಈ ಕೇಬಲ್‌ನಲ್ಲಿ ಹರಿಯುವ ಸಿಗ್ನಲ್‌ನ ಮೇಲಿನ ಅಂಚಾದ 2,150 ಮೆಗಾಹರ್ಟ್ಸ್ ಹತ್ತಿರ 100 ಮೀಟರಿಗೆ ಸುಮಾರು 30 ಡೆಸಿಬೆಲ್ (ಸಿಗ್ನಲ್ ಬಲದ ಏರಿಳಿತದ ಅಳತೆ) ಕಳೆಯುತ್ತದೆ. 20 ಮೀಟರಿಗೆ ಚಿಂತೆಯಿಲ್ಲ, 50 ದಾಟಿದರೆ ಯೋಚಿಸಬೇಕು.

ಇಲ್ಲಿ ಇನ್ನೊಂದು ಲಕ್ಷಣ ಹೇಳಬೇಕು, ನಿಮ್ಮದಲ್ಲದಿದ್ದರೂ ಬಹಳ ಮನೆಗಳಲ್ಲಿ ಇದೇ ಕಾರಣಕ್ಕೆ ಬಾಕ್ಸ್ ಬದಲಾಗುತ್ತದೆ. ಬಿಸಿಲಿನಲ್ಲೂ ಚಾನೆಲ್‌ಗಳ ಒಂದು ಗುಂಪು ಪೂರ್ತಿ ಮಾಯ, ಉಳಿದವು ಚೊಕ್ಕ. ಬಾಕ್ಸ್ 13 ವೋಲ್ಟ್ ಕಳಿಸಿದರೆ ಎಲ್‌ಎನ್‌ಬಿ ಒಂದು ಧ್ರುವೀಕರಣದ (ಅಲೆ ಕಂಪಿಸುವ ದಿಕ್ಕಿನ) ಚಾನೆಲ್‌ಗಳನ್ನು ಕೊಡುತ್ತದೆ, 18 ಕಳಿಸಿದರೆ ಇನ್ನೊಂದರದ್ದನ್ನು. ತುಕ್ಕು ಹಿಡಿದ ಕನೆಕ್ಟರ್, ಉಕ್ಕಿನ ಮೇಲೆ ತಾಮ್ರ ಲೇಪಿಸಿದ ಅಗ್ಗದ ಕೇಬಲ್ ಅಥವಾ ಸೋತ ಅಡಾಪ್ಟರ್‌ನಿಂದ 18 ವೋಲ್ಟ್ ದಾರಿಯಲ್ಲೇ ಇಳಿದುಹೋದರೆ ಎಲ್‌ಎನ್‌ಬಿ ಅದನ್ನು 13 ಎಂದೇ ತಿಳಿಯುತ್ತದೆ, ಆ ಗುಂಪು ಸಿಗುವುದೇ ಇಲ್ಲ. ಕೆಳಗಿನ, ಮೇಲಿನ ಎರಡೂ ಬ್ಯಾಂಡ್‌ಗಳನ್ನು (ಆವರ್ತನದ ಗುಂಪುಗಳನ್ನು) ಹಿಡಿಯುವ ಯುನಿವರ್ಸಲ್ ಎಲ್‌ಎನ್‌ಬಿಯಲ್ಲಿ ಮೇಲಿನದಕ್ಕೆ ಬದಲಾಗಲು ಇದರ ಜೊತೆಗೆ 22 ಕಿಲೋಹರ್ಟ್ಸ್ ಸಂಜ್ಞೆಯೂ ತಲುಪಬೇಕು. ಒಂದು ಟಿವಿಯಲ್ಲಿ ಮಾತ್ರ ಹೀಗಾದರೆ ಆ ಬಾಕ್ಸನ್ನು ಇನ್ನೊಂದು ಕೋಣೆಯ ಕೇಬಲ್‌ಗೆ ಹಾಕಿ ನೋಡಿ. ದೋಷ ಬಾಕ್ಸ್‌ನ ಹಿಂದೆ ಹೋಯಿತೇ, ಹಳೆಯ ಕೋಣೆಯಲ್ಲೇ ಉಳಿಯಿತೇ ಎಂಬುದು ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಬಾಕ್ಸ್ ನಿಜವಾಗಿ ಕೆಟ್ಟಿದೆ ಎನ್ನಲು ಈ ಅದಲುಬದಲಿಗಿಂತ ಒಳ್ಳೆಯ ಪುರಾವೆ ಇಲ್ಲ.

ಈಗ ಡಿಶ್. ನಿಮ್ಮ ಲಕ್ಷಣಗಳಿಗೆ ನನ್ನ ಮೊದಲ ಅನುಮಾನ ಇದರ ಮೇಲೆಯೇ. 60 ಸೆಂ.ಮೀ. ಡಿಶ್‌ನ ನೋಟ ಬಹಳ ಕಿರಿದು, ಸುಮಾರು 3 ಡಿಗ್ರಿ ಅಗಲ. ಡಿಶ್‌ನ ಅಂಚು ಬರೀ 5 ಮಿ.ಮೀ. ಸರಿದರೆ ದಿಕ್ಕು ಸುಮಾರು 1 ಡಿಗ್ರಿ ತಪ್ಪುತ್ತದೆ, ಬರುವ ಶಕ್ತಿಯಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಹೋಗುತ್ತದೆ. 2 ಡಿಗ್ರಿ ತಪ್ಪಿದರೆ ಮುಕ್ಕಾಲು ಪಾಲು ಹೋಯಿತು. ಬಿಸಿಲಿನಲ್ಲಿ ಆಗಲೂ ಚಿತ್ರ ಬರಬಹುದು, ಅದಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ. ಸಡಿಲವಾದ ಒಂದು ಬೋಲ್ಟ್, ಜೋರು ಗಾಳಿ, ಬಂದು ಕೂತ ಒಂದು ದೊಡ್ಡ ಹಕ್ಕಿ, ಇಷ್ಟು ಸಾಕು 5 ಮಿ.ಮೀ. ಸರಿಯಲು.

ಡಿಶ್ ನೆಲದಿಂದ ಕೈಗೆಟಕುವಂತಿದ್ದರೆ ಅಥವಾ ಸುತ್ತ ತಡೆಗೋಡೆ ಇರುವ ಸಮತಟ್ಟಾದ ತಾರಸಿಯಲ್ಲಿದ್ದರೆ ಮಾತ್ರ ನೀವೇ ಮಾಡಿ. ಇಳಿಜಾರು ಮಾಡು, ಏಣಿ, ಒದ್ದೆ ನೆಲ, ಗುಡುಗುವ ಆಕಾಶ ಇದ್ದಲ್ಲಿ ಖಂಡಿತ ಬೇಡ. ಮೊದಲು ಕಂಬ ನೆಟ್ಟಗಿದೆಯೇ ಎಂದು ಸ್ಪಿರಿಟ್ ಲೆವೆಲ್ ಇಟ್ಟು ಎರಡು ಬದಿಗಳಿಂದ ನೋಡಿ, ಕಂಬವೇ ವಾಲಿದ್ದರೆ ಮುಂದಿನ ಶ್ರಮವೆಲ್ಲ ವ್ಯರ್ಥ. ಈಗಿನ ಸ್ಥಾನವನ್ನು ಮಾರ್ಕರ್‌ನಿಂದ ಗೆರೆ ಎಳೆದು ಗುರುತಿಸಿ. ಬೋಲ್ಟ್‌ಗಳಿಗೆ ಸಾಮಾನ್ಯವಾಗಿ 10 ಅಥವಾ 13 ಮಿ.ಮೀ. ಸ್ಪ್ಯಾನರ್ ಸಾಕು. ಡಿಶ್ ಕಷ್ಟಪಟ್ಟು ಅಲುಗುವಷ್ಟು ಮಾತ್ರ ಸಡಿಲಿಸಿ. ಒಳಗೊಬ್ಬರು ಕ್ವಾಲಿಟಿ ಅಂಕಿ ಓದುತ್ತಿರಲಿ, ನೀವು ಫೋನಿನಲ್ಲಿ ಕೇಳಿಸಿಕೊಳ್ಳಿ. ಅಂಚನ್ನು ಒಂದೆರಡು ಮಿ.ಮೀ. ಸರಿಸಿ ಐದು ಸೆಕೆಂಡ್ ಕಾಯಿರಿ. ಬಾಕ್ಸ್ ಅಂಕಿಯನ್ನು ತಡವಾಗಿ ತೋರಿಸುತ್ತದೆ, ಅವಸರದಲ್ಲಿ ಸರಿಯಾದ ಜಾಗವನ್ನು ದಾಟಿಬಿಡುವುದೇ ಎಲ್ಲರೂ ಮಾಡುವ ತಪ್ಪು. ಎಡಕ್ಕೆ ಎಲ್ಲಿ ಅಂಕಿ ಬೀಳುತ್ತದೆ, ಬಲಕ್ಕೆ ಎಲ್ಲಿ ಬೀಳುತ್ತದೆ ಎರಡನ್ನೂ ಗುರುತಿಸಿ ನಟ್ಟನಡುವೆ ನಿಲ್ಲಿಸಿ. ಆಮೇಲೆ ಇದೇ ರೀತಿ ಮೇಲೆ, ಕೆಳಗೆ. ಕೊನೆಗೆ ಎಲ್‌ಎನ್‌ಬಿಯನ್ನು ಅದರ ಹಿಡಿಕೆಯಲ್ಲೇ ಸ್ವಲ್ಪ ಅತ್ತಿತ್ತ ತಿರುಗಿಸಿ ನೋಡಿ. ಬೋಲ್ಟ್‌ಗಳನ್ನು ಒಂದಾದ ಮೇಲೊಂದು ಸ್ವಲ್ಪಸ್ವಲ್ಪವೇ ಬಿಗಿ ಮಾಡಿ, ಏಕೆಂದರೆ ಒಂದನ್ನೇ ಪೂರ್ತಿ ಬಿಗಿದರೆ ಡಿಶ್ ಮತ್ತೆ ಸರಿಯುತ್ತದೆ. ಬಿಗಿಯಾದ ಮೇಲೆ ಇನ್ನೊಮ್ಮೆ ಅಂಕಿ ಓದಿಸಿ.

ತಂತ್ರಜ್ಞರನ್ನು ಕರೆಸುವುದಾದರೆ ದೂರು ಕೊಡುವಾಗಲೇ ಹೀಗೆ ಹೇಳಿ: ಎರಡೂ ಬಾಕ್ಸ್‌ಗಳಲ್ಲಿ ಒಂದೇ ದೋಷ, ಮೀಟರ್ ತಂದು ಡಿಶ್ ಟ್ಯೂನ್ ಮಾಡಬೇಕು, ಎಲ್‌ಎನ್‌ಬಿ ಮತ್ತು ಹೊರಗಿನ ಕನೆಕ್ಟರ್‌ಗಳನ್ನು ನೋಡಬೇಕು. ಕೆಲಸಕ್ಕೆ ಮೊದಲಿನ ಮತ್ತು ನಂತರದ ಮೀಟರ್ ಅಂಕಿಯನ್ನು ಕೆಲಸದ ಚೀಟಿಯಲ್ಲಿ ಬರೆಸಿಕೊಳ್ಳಿ. ಇಷ್ಟಾದರೂ ಸಾಲದಿದ್ದರೆ 60ರ ಬದಲು 90 ಸೆಂ.ಮೀ. ಡಿಶ್ ಹಾಕಿಸಬಹುದು. ಅದರ ವಿಸ್ತಾರ ಎರಡೂಕಾಲು ಪಟ್ಟು, ಹಿಡಿಯುವ ಸಿಗ್ನಲ್ ಮೂರೂವರೆ ಡೆಸಿಬೆಲ್ ಹೆಚ್ಚು. ಆದರೆ ಗಾಳಿಯ ಒತ್ತಡವೂ ಅಷ್ಟೇ ಪಟ್ಟು ಹೆಚ್ಚುವುದರಿಂದ ಹಳೆಯ ಕಂಬ, ಹಳೆಯ ಬೋಲ್ಟ್‌ಗಳಿಗೆ ಅದನ್ನು ತೂಗುಹಾಕಬಾರದು.

ವರ್ಷಕ್ಕೆರಡು ಬಾರಿ, ಮಾರ್ಚ್ ಮತ್ತು ಸೆಪ್ಟೆಂಬರಿನ ವಿಷುವ ದಿನಗಳ ಆಸುಪಾಸಿನಲ್ಲಿ ಕೆಲವು ದಿನ ಸೂರ್ಯ ಉಪಗ್ರಹದ ಹಿಂದೆಯೇ ಹಾದುಹೋಗುತ್ತಾನೆ. ಆಗ ದಿನಾ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಕೆಲವು ನಿಮಿಷ ಚಿತ್ರ ನಿಲ್ಲುತ್ತದೆ. ಅದಕ್ಕೆ ಯಾರೂ ಏನನ್ನೂ ಬದಲಿಸಬೇಕಾಗಿಲ್ಲ, ಯಾವ ಫಾರಂಗೂ ಸಹಿ ಬೇಕಿಲ್ಲ.

ಇನ್ನು ಆ ಫಾರಂ. ಕಂಪನಿ ಡಿಶ್, ಬಾಕ್ಸ್, ಅಳವಡಿಕೆಗೆ ಮೊದಲೇ ಹಣ ಹಾಕಿ ಅದನ್ನು ತಿಂಗಳ ಬಿಲ್ಲಿನಲ್ಲಿ ವಸೂಲು ಮಾಡುತ್ತದೆ, ಕನಿಷ್ಠ ಅವಧಿ ಇಡುವುದು ಅದಕ್ಕೇ. ಹಾಗಾಗಿ ಬಿಟ್ಟು ಹೋಗುವ ದಂಡ ತಿಂಗಳು ಕಳೆದಂತೆ ಇಳಿಯುವುದು ನ್ಯಾಯ, ನಿಮ್ಮದು ಹಾಗೇ ಇದೆ. ಆದರೆ ಆ ಗಡಿಯಾರವನ್ನು ಮತ್ತೆ ಮೊದಲಿನಿಂದ ತಿರುಗಿಸುವ ಸಂದರ್ಭಗಳು ಹಲವು: ಬಾಕ್ಸ್ ಬದಲಾವಣೆ, ಇನ್ನೊಂದು ಕೋಣೆಗೆ ಸಂಪರ್ಕ, ರೆಕಾರ್ಡಿಂಗ್ ಬಾಕ್ಸ್‌ಗೆ ಏರಿಕೆ, ಮನೆ ಬದಲಾವಣೆ, ಬಿಡುತ್ತೇನೆ ಎಂದಾಗ ಕೊಡುವ ರಿಯಾಯಿತಿ ಕೂಡ. ಇವುಗಳಲ್ಲಿ ಯಾವುದು ಬಂದರೂ ಒಂದೇ ಪ್ರಶ್ನೆಯನ್ನು ಬರಹದಲ್ಲಿ ಕೇಳಿ: ಇದರಿಂದ ನನ್ನ ಒಪ್ಪಂದ ಮುಗಿಯುವ ದಿನಾಂಕ ಬದಲಾಗುತ್ತದೆಯೇ? ಬಾಡಿಗೆಗೆ ಕೊಟ್ಟ ಬಾಕ್ಸ್ ತಾನಾಗಿ ಕೆಟ್ಟರೆ ಅದನ್ನು ಸರಿಪಡಿಸುವ ಹೊಣೆ ಸಾಮಾನ್ಯವಾಗಿ ಕಂಪನಿಯದೇ. ನಿಮ್ಮ ಮೂಲ ಒಪ್ಪಂದದಲ್ಲಿ ಆ ಕಲಂ ಹುಡುಕಿ, ಅದರ ಸಂಖ್ಯೆ ಹೇಳಿ, ಅವಧಿ ಬದಲಾಗದಂತೆ ಬದಲಿ ಬಾಕ್ಸ್ ಕೇಳಿ. ಅಳವಡಿಕೆಯ ದಿನ ಟ್ಯಾಬ್ಲೆಟ್‌ನ ಪರದೆಯ ಮೇಲೆ ಬೆರಳಿನಿಂದ ಹಾಕಿಸಿಕೊಂಡ ಸಹಿಯೂ ಸಹಿಯೇ. ಪೂರ್ತಿ ಪುಟ ಓದಿಸಿ, ಪ್ರತಿಯನ್ನು ಇಮೇಲ್‌ಗೆ ತರಿಸಿಕೊಂಡ ಮೇಲೆ ಮಾತ್ರ ಬೆರಳಿಡಿ.

ನಿಮ್ಮ ಬಿಲ್ಲಿನ ಲೆಕ್ಕ ಮಾಡೋಣ. ಮೊದಲ 12 ತಿಂಗಳು 120, ಅಂದರೆ 1,440. ಮುಂದಿನ 12 ತಿಂಗಳು 180, ಅಂದರೆ 2,160. ಒಟ್ಟು 3,600, ತಿಂಗಳಿಗೆ ಸರಾಸರಿ 150. ಜಾಹೀರಾತು ಹೇಳಿದ್ದು 100. ರಿಯಾಯಿತಿಯ ಅವಧಿ 12 ತಿಂಗಳು, ಒಪ್ಪಂದದ ಅವಧಿ 24 ಎಂಬ ಈ ಅಂತರದಲ್ಲೇ ಜನ ಸಿಕ್ಕಿಬೀಳುತ್ತಾರೆ. ಇದನ್ನು ಸಣ್ಣ ಅಕ್ಷರಗಳಲ್ಲಿ ಬಚ್ಚಿಡುವುದು ನನ್ನ ಪ್ರಕಾರ ಗ್ರಾಹಕರಿಗೆ ಮಾಡುವ ಅನ್ಯಾಯ. ಬಿಲ್ಲನ್ನು ಸಾಲುಸಾಲಾಗಿ ಬಿಡಿಸಿ ನೋಡಿ: ಮೂಲ ಪ್ಯಾಕ್, ಪ್ರತಿ ಬಾಕ್ಸ್‌ನ ಬಾಡಿಗೆ, ಎಚ್‌ಡಿ ಶುಲ್ಕ, ರೆಕಾರ್ಡಿಂಗ್ ಶುಲ್ಕ, ಉಚಿತವೆಂದು ಶುರುವಾಗಿ ಮೂರು ತಿಂಗಳ ನಂತರ ಹಣ ಕೇಳುವ ಸಿನಿಮಾ ಅಥವಾ ಕ್ರೀಡಾ ಚಾನೆಲ್. ಈ ಕೊನೆಯದನ್ನು ನೀವೇ ಹೇಳಿ ತೆಗೆಸದಿದ್ದರೆ ಅದು ಬಿಲ್ಲಿನಲ್ಲಿ ಉಳಿದುಬಿಡುತ್ತದೆ.

ನಿಮಗೆ ಉಳಿದಿರುವುದು 9 ತಿಂಗಳು. ಹೀಗೇ ಮುಂದುವರಿದರೆ 1,620. ಈಗಲೇ ಬಿಟ್ಟರೆ ದಂಡ 180, ಅದರ ಮೇಲೆ ಬೇರೆ ಸೇವೆ ತಿಂಗಳಿಗೆ 60 ಎಂದಾದರೆ 540, ಒಟ್ಟು 720. ಮೂರನೆಯ ದಾರಿಯನ್ನು ಕಂಪನಿ ತಾನಾಗಿ ಹೇಳುವುದು ಕಡಿಮೆ: ಒಪ್ಪಂದ ಅನುಮತಿಸುವ ಅತಿ ಚಿಕ್ಕ ಪ್ಯಾಕ್‌ಗೆ ಇಳಿಯುವುದು, ಎರಡನೆಯ ಬಾಕ್ಸ್ ಹಿಂದಿರುಗಿಸುವುದು. ಚಿಕ್ಕ ಪ್ಯಾಕ್ 80, ಒಂದು ಬಾಕ್ಸ್‌ನ ಬಾಡಿಗೆ 10 ಎಂದುಕೊಂಡರೆ 9 ತಿಂಗಳಿಗೆ 810. ಬಿಡುವುದಕ್ಕೂ ಇದಕ್ಕೂ ವ್ಯತ್ಯಾಸ 90 ಮಾತ್ರ. ಡಿಶ್ ಸರಿಹೋದರೆ ನಾನು ಇದನ್ನೇ ಸೂಚಿಸುತ್ತೇನೆ, ಏಕೆಂದರೆ ಅವಧಿ ತಾನಾಗಿ ಮುಗಿಯುತ್ತದೆ, ಜಗಳವಿಲ್ಲ. ಇಳಿಯುವ ಮೊದಲು ಪ್ಯಾಕ್ ಬದಲಾವಣೆಗೆ ಶುಲ್ಕವಿದೆಯೇ ಎಂದು ಕೇಳಿಕೊಳ್ಳಿ. ಉಚಿತ ಬಾಕ್ಸ್‌ಗೆ ಸಹಿ ಹಾಕಿದ್ದರೆ ಇದೇ ದರದಲ್ಲಿ 24 ತಿಂಗಳಿಗೆ 4,320 ಆಗುತ್ತಿತ್ತು. 60, 80, 10 ಎಂಬುವು ಲೆಕ್ಕದ ದಾರಿ ತೋರಿಸಲು ಇಟ್ಟ ಅಂಕಿಗಳು, ಅವುಗಳ ಜಾಗದಲ್ಲಿ ನಿಮ್ಮ ಒಪ್ಪಂದದ ಅಂಕಿಗಳನ್ನು ಹಾಕಿ.

ಡಿಶ್ ನೋಡಲು ಎರಡು ಬಾರಿ ಕರೆದರೂ ಕಂಪನಿ ಬರದಿದ್ದರೆ ದಂಡವನ್ನೇ ಪ್ರಶ್ನಿಸಬಹುದು. ದಿನಾಂಕವಿರುವ ಫೋಟೋಗಳು, ದೂರಿನ ಸಂಖ್ಯೆಗಳು, ಚಿತ್ರ ನಿಂತ ದಿನಗಳ ಪಟ್ಟಿಯನ್ನು ಸೇರಿಸಿ, ಹಣ ಪಡೆದ ಸೇವೆ ಸಿಕ್ಕಿಲ್ಲ, ಇಷ್ಟು ದಿನಗಳೊಳಗೆ ಸರಿಪಡಿಸಿ ಇಲ್ಲವೇ ದಂಡವಿಲ್ಲದೆ ಬಿಡಿ ಎಂದು ಬರೆಯಿರಿ. ಒಪ್ಪಂದದ ನಡುವೆ ದರ ಏರಿಸಿದರೆ ದಂಡವಿಲ್ಲದೆ ಹೊರಬರುವ ಹಕ್ಕು ಹಲವು ಕಡೆ ಇದೆ, ಆದರೆ ಸೂಚನೆ ಬಂದ ಮೇಲೆ ನಿಗದಿತ ದಿನಗಳೊಳಗೆ ತಿಳಿಸಬೇಕಾಗುತ್ತದೆ. ರಿಯಾಯಿತಿ ಮುಗಿದು ದರ ಏರುವುದು ಮೊದಲೇ ಬರೆದಿದ್ದರೆ ಅದು ಈ ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮದು ಈ ಎರಡರಲ್ಲಿ ಯಾವುದು ಎಂದು ಒಪ್ಪಂದದ ಮೊದಲ ಪುಟದಲ್ಲೇ ನೋಡಿ. ಒಂದು ಕೆಲಸ ಮಾತ್ರ ಮಾಡಬೇಡಿ: ಸಿಟ್ಟಿನಲ್ಲಿ ಬ್ಯಾಂಕಿನ ಆಟೋ ಪಾವತಿ ನಿಲ್ಲಿಸಿ ಸುಮ್ಮನಿರುವುದು. ಅದು ಸೇವೆ ಬಿಟ್ಟಂತಲ್ಲ, ಬಾಕಿ ಉಳಿಸಿಕೊಂಡಂತೆ. ಮೊದಲು ರದ್ದತಿಯ ದೃಢೀಕರಣ, ಆಮೇಲೆ ಕೊನೆಯ ಬಿಲ್, ಅದಾದ ಮೇಲೆ ಆಟೋ ಪಾವತಿ ರದ್ದು.

ಅವಧಿ ಮುಗಿದು ಹಿಂದಿರುಗಿಸುವಾಗ ಬಾಕ್ಸ್, ರಿಮೋಟ್, ಅಡಾಪ್ಟರ್, ಕಾರ್ಡ್ ಎಲ್ಲವನ್ನೂ ಕೊಡಿ. ಬಾಕ್ಸ್‌ನ ಅಡಿಯಲ್ಲಿರುವ ಸೀರಿಯಲ್ ಸಂಖ್ಯೆಯ ಫೋಟೋ ತೆಗೆದು, ಅದೇ ಸಂಖ್ಯೆ ಬರೆದ ರಸೀದಿ ಪಡೆದು ಒಂದು ವರ್ಷವಾದರೂ ಕಾಯ್ದಿಡಿ. ಬಾಕ್ಸ್ ತಲುಪಿಲ್ಲ ಎಂಬ ಬಿಲ್ ತಿಂಗಳುಗಳ ನಂತರ ಬರುವುದುಂಟು. ರೆಕಾರ್ಡ್ ಮಾಡಿಟ್ಟ ಕಾರ್ಯಕ್ರಮಗಳು ಸಾಮಾನ್ಯವಾಗಿ ಆ ಬಾಕ್ಸ್‌ಗೇ ಬೀಗ ಹಾಕಿದ ರೂಪದಲ್ಲಿರುತ್ತವೆ, ಡಿಸ್ಕ್ ಬಿಚ್ಚಿ ಬೇರೆಡೆ ಹಾಕಿದರೆ ತೆರೆಯುವುದಿಲ್ಲ, ನೋಡಬೇಕಾದದ್ದನ್ನು ಮೊದಲೇ ನೋಡಿಬಿಡಿ. ಡಿಶ್ ಮತ್ತು ಕೇಬಲನ್ನು ಕಂಪನಿಗಳು ಸಾಮಾನ್ಯವಾಗಿ ವಾಪಸ್ ಕೇಳುವುದಿಲ್ಲ. ಒಪ್ಪಂದದಲ್ಲಿ ಹಾಗೆಂದಿದ್ದರೆ ಕಿತ್ತುಹಾಕಬೇಡಿ. ಉಚಿತ ಚಾನೆಲ್‌ಗಳಿರುವ ಉಪಗ್ರಹದ ಕಡೆಗೆ ತಿರುಗಿಸಿ ಒಂದು ಸಾದಾ ಫ್ರೀ ಟು ಏರ್ ರಿಸೀವರ್ ಹಾಕಿದರೆ ಅದೇ ಡಿಶ್ ತಿಂಗಳ ಚಂದಾ ಇಲ್ಲದೆ ನಡೆಯುತ್ತದೆ. ಎರಡು ಬಾಕ್ಸ್‌ಗೂ ಒಂದೇ ಕೇಬಲ್ ಹಂಚುವ ಬಗೆಯ ಎಲ್‌ಎನ್‌ಬಿ ಹಾಕಿದ್ದರೆ ಮಾತ್ರ ಅದು ಸಾದಾ ರಿಸೀವರ್‌ಗೆ ಹೊಂದದಿರಬಹುದು. ಆಗ ಆ ಎಲ್‌ಎನ್‌ಬಿಯೊಂದನ್ನು ತೆಗೆದು, ಆ ಉಪಗ್ರಹದ ಬ್ಯಾಂಡ್‌ಗೆ ತಕ್ಕ ಸಾಮಾನ್ಯ ಎಲ್‌ಎನ್‌ಬಿ ಕೂರಿಸಿಕೊಂಡರೆ ಸಾಕು.